ಬೆಳಗಿನ ಮೂರು ಸೆಕೆಂಡು

ಕುಣಿಗಲ್‌ನ ಆ ಮನೆಯ ಮುಂದೆ ನಾವು ಆಟೋದಿಂದ ಇಳಿದಾಗ ಹೊತ್ತು ಹನ್ನೊಂದು ಗಂಟೆ. 2017ರ ಮಾರ್ಚ್ ತಿಂಗಳು, ಬಿಸಿಲು ಆಗಲೇ ನೆತ್ತಿ ಸುಡುತ್ತಿತ್ತು. ಹೊಂಗೆ ಮರದ ನೆರಳಲ್ಲಿ ಬಿಳಿ ಕಾರೊಂದು ನಿಂತಿತ್ತು. ಇಂಜಿನ್ ಓಡುತ್ತಲೇ ಇತ್ತು. ಮನೆಯ ಯಜಮಾನರು ತಾವೇ ಬಂದು ಕಾರಿನ ಬಾಗಿಲು ತೆಗೆದು, "ಬಿಸಿಲಲ್ಲಿ ಬರ್ತೀರಲ್ಲ ಅಂತ ಎಸಿ ಹಾಕಿಟ್ಟಿದ್ದೀನಿ, ಕೂತ್ಕೊಳ್ಳಿ" ಎಂದರು. ತಣ್ಣನೆಯ ಗಾಳಿ ಮುಖಕ್ಕೆ ತಾಗಿತು. ಎಂಥ ಸಜ್ಜನರು ಎಂದುಕೊಂಡೆವು. ಕುಡಿಯಲು ಮಜ್ಜಿಗೆಯನ್ನೂ ಕೊಟ್ಟರು.

ನಾವೆಂದರೆ ಅಣ್ಣ ತಮ್ಮ ಇಬ್ಬರು. ಒಬ್ಬರು ತುಮಕೂರಿನ ಮಂಡಿಪೇಟೆಯ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವವರು, ಇನ್ನೊಬ್ಬರು ಡ್ರೈವರ್. ಈ ಬರಹದಲ್ಲಿ ಯಾವ ಮಾತು ಯಾರು ಆಡಿದ್ದು ಎಂದು ಬಿಡಿಸಿ ಹೇಳುವುದಿಲ್ಲ. ಕಾರು ಇಬ್ಬರದು, ಸಾಲ ಇಬ್ಬರದು, ತಪ್ಪೂ ಇಬ್ಬರದೇ. ಕಾರು ಯಾವ ಕಂಪನಿಯದು ಎಂಬುದನ್ನೂ ಹೇಳುವುದಿಲ್ಲ. ಆದದ್ದರಲ್ಲಿ ಕಂಪನಿಯ ಪಾಲು ಇತ್ತೆಂದು ನಮಗೆ ಅನಿಸಿಲ್ಲ.

ಕುಣಿಗಲ್ ಎಂದರೆ ಕುದುರೆಗಳ ಊರು. ಟಿಪ್ಪು ಸುಲ್ತಾನನ ಸೈನ್ಯಕ್ಕೆ ಕುದುರೆ ಬೆಳೆಸಿದ ಜಾಗ ಅದು. ಕುದುರೆ ಕೊಳ್ಳುವವರು ಹಲ್ಲು ನೋಡುತ್ತಾರೆ, ಗೊರಸು ಎತ್ತಿ ನೋಡುತ್ತಾರೆ, ನಡೆಸಿ ನೋಡುತ್ತಾರೆ. ನಾವು ಟೈರು ಒತ್ತಿ ನೋಡಿದೆವು, ಸೀಟಿನ ಕವರ್ ನೋಡಿದೆವು, ಹೆಬ್ಬೂರಿನ ದಾರಿಯಲ್ಲಿ ನಾಲ್ಕೈದು ಕಿಲೋಮೀಟರ್ ಓಡಿಸಿ ನೋಡಿದೆವು. ಬೆಣ್ಣೆಯಿಂದ ಕೂದಲು ಎಳೆದಷ್ಟು ನಯವಾಗಿ ಓಡಿತು. ಹಳದಿ ಬೋರ್ಡಿನ ಡೀಸೆಲ್ ಕಾರು, ಮೀಟರಿನಲ್ಲಿ 94 ಸಾವಿರ ಚಿಲ್ಲರೆ ಕಿಲೋಮೀಟರ್. ಯಜಮಾನರು ಡ್ರೈವರ್ ಇಟ್ಟು ಬಾಡಿಗೆಗೆ ಓಡಿಸುತ್ತಿದ್ದರಂತೆ. ಡ್ರೈವರ್ ಬಿಟ್ಟುಹೋದ, ಅದಕ್ಕೇ ಮಾರುತ್ತಿದ್ದೇವೆ ಎಂದರು. 3,40,000 ರೂಪಾಯಿಗೆ ಮಾತಾಯಿತು.

ಮರುದಿನ ಬೆಳಿಗ್ಗೆ, ಫಜರ್ ನಮಾಜ್ ಮುಗಿಸಿ ಬಂದು, ನಮ್ಮ ಮನೆಯ ಮುಂದೆ ಮೊದಲ ಸಲ ಆ ಕಾರನ್ನು ಸ್ಟಾರ್ಟ್ ಮಾಡಿದೆವು. ಬಾನೆಟ್ಟಿನ ಒಳಗಿನಿಂದ ಒಂದು ಸದ್ದು ಬಂತು. ತಗಡಿನ ಡಬ್ಬದಲ್ಲಿ ಕಡಲೆಕಾಯಿ ಹಾಕಿ ಜೋರಾಗಿ ಅಲುಗಿಸಿದ ಹಾಗೆ, ಗರಗರಗರ. ಹೆಚ್ಚೆಂದರೆ ಮೂರು ಸೆಕೆಂಡು. ಆಮೇಲೆ ಏನೂ ಇಲ್ಲ. ಆ ದಿನವಿಡೀ ಮತ್ತೆ ಆ ಸದ್ದು ಬರಲಿಲ್ಲ. ಪಕ್ಕದ ಮನೆಯವರು ನಕ್ಕು, "ಡೀಸೆಲ್ ಗಾಡಿ, ಬೆಳಿಗ್ಗೆ ಎದ್ದ ತಕ್ಷಣ ಕೆಮ್ಮುತ್ತೆ. ಮನುಷ್ಯ ಕೆಮ್ಮಲ್ವಾ?" ಎಂದರು. ನಮಗೂ ಅದೇ ಬೇಕಿತ್ತು.

ನಮ್ಮ ಅಬ್ಬಾ ಮಾತ್ರ ಹಲ್ಲುಜ್ಜುತ್ತಿದ್ದವರು ಹೊರಗೆ ಬಂದು ನಿಂತರು. ಅಬ್ಬಾ ತುಮಕೂರಿನ ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು. 1978ರಲ್ಲಿ ಶುರುವಾದ ಆ ಕಾರ್ಖಾನೆಗೆ ಅವರು ಸೇರಿದ್ದು ಎಂಬತ್ತರ ದಶಕದ ಮೊದಲಿನಲ್ಲಿ. ಎಚ್‌ಎಂಟಿಯ ಗಡಿಯಾರ ಕಂಪನಿಯನ್ನು ಮುಚ್ಚಲು ಕೇಂದ್ರ ಸರಕಾರ 2016ರ ಜನವರಿಯಲ್ಲಿ ತೀರ್ಮಾನಿಸುವ ಎಷ್ಟೋ ಮೊದಲೇ ಅಬ್ಬಾ ಸ್ವಯಂ ನಿವೃತ್ತಿ ಪಡೆದು ಮನೆಗೆ ಬಂದಿದ್ದರು. ಕೀ ಕೊಡುವ ಗಡಿಯಾರವನ್ನು ಕಿವಿಯ ಹತ್ತಿರ ಹಿಡಿದು ಅದರ ಆರೋಗ್ಯ ಹೇಳುವ ಅಭ್ಯಾಸ ಅವರಿಗೆ. ಅವರು ಹೇಳಿದ್ದು ಇಷ್ಟೇ: "ಇದು ಕೆಮ್ಮಲ್ಲ. ಒಳಗೆ ಎಲ್ಲೋ ಬಿಗಿ ಇಲ್ಲ." (ಮನೆಯಲ್ಲಿ ನಮ್ಮದು ಉರ್ದು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇವೆ.) ಗಡಿಯಾರದವರಿಗೆ ಡೀಸೆಲ್ ಇಂಜಿನ್ ಏನು ಗೊತ್ತು ಎಂದು ನಾವು ತಲೆ ಕೆಡಿಸಿಕೊಳ್ಳಲಿಲ್ಲ.

ಎರಡೂಮುಕ್ಕಾಲು ವರ್ಷ ಓಡಿಸಿದೆವು. ಗುಬ್ಬಿಯ ಅಡಿಕೆ ವ್ಯಾಪಾರಿಗಳನ್ನು ಬೆಂಗಳೂರಿಗೆ, ರೋಗಿಗಳನ್ನು ಆಸ್ಪತ್ರೆಗೆ, ಮದುವೆಯ ದಿಬ್ಬಣಗಳನ್ನು ಎಲ್ಲೆಲ್ಲಿಗೋ. ಸಾಲದ ಕಂತು ತೀರುತ್ತಿತ್ತು, ಮನೆಯೂ ನಡೆಯುತ್ತಿತ್ತು. ಕಾರಿಗೆ ನಾವು ಕೊಟ್ಟಿದ್ದು ಮಾತ್ರ ಕಡಿಮೆ. ಹತ್ತು ಸಾವಿರ ಕಿಲೋಮೀಟರ್‌ಗೆ ಬದಲಿಸಬೇಕಾದ ಇಂಜಿನ್ ಆಯಿಲನ್ನು ಹದಿನೈದು, ಹದಿನೆಂಟು ಸಾವಿರದವರೆಗೆ ಎಳೆದೆವು. ಒಂದೆರಡು ಸಲ ಡಬ್ಬದ ಆಯಿಲ್ ಬಿಟ್ಟು ಲೂಸ್ ಆಯಿಲ್ ಹಾಕಿಸಿದೆವು, ಏಳುನೂರು ರೂಪಾಯಿ ಉಳಿಯಿತೆಂದು ಖುಷಿಪಟ್ಟೆವು. ಮೂರು ಸೆಕೆಂಡಿನ ಸದ್ದು ನಾಲ್ಕಾಯಿತು, ಐದಾಯಿತು. ದಿನಾ ಕೇಳುವ ಕಿವಿಗೆ ಅದು ಬೆಳೆಯುತ್ತಿರುವುದು ತಿಳಿಯುವುದಿಲ್ಲ, ಮನೆಯ ಮಕ್ಕಳು ಎತ್ತರವಾಗುವುದು ತಿಳಿಯದ ಹಾಗೆ. 2019ರ ನವೆಂಬರ್‌ನಲ್ಲಿ ಒಂದು ಬೆಳಿಗ್ಗೆ ಪೂರ್ತಿ ಏಳೆಂಟು ಸೆಕೆಂಡು ಗರಗರ ಎಂದಾಗ ಗುಬ್ಬಿ ಗೇಟಿನ ಹತ್ತಿರದ ಉಸ್ತಾದರ ಬಳಿಗೆ ಹೋದೆವು.

ಉಸ್ತಾದರು ಅಂಬಾಸಡರ್ ಕಾಲದವರು. ಗ್ಯಾರೇಜಿನ ಕೆಲಸವನ್ನು ಯಾವ ಶಾಲೆಯಲ್ಲೂ ಕಲಿತವರಲ್ಲ. ಹನ್ನೆರಡನೆಯ ವಯಸ್ಸಿಗೆ ಇನ್ನೊಬ್ಬ ಉಸ್ತಾದರ ಕೈಕೆಳಗೆ ಪಾನಾ ಎತ್ತಿಕೊಡುತ್ತ ಕಲಿತವರು. ದೇಶದಲ್ಲಿ ವಾಹನ ದುರಸ್ತಿಯ ಕೆಲಸದಲ್ಲಿ ಮುಸ್ಲಿಮರ ಪಾಲು ಹೆಚ್ಚು ಎಂದು 2006ರ ಸಾಚಾರ್ ಸಮಿತಿಯ ವರದಿ ಹೇಳಿತು. ತುಮಕೂರಿನ ಗ್ಯಾರೇಜುಗಳ ಮುಂದೆ ಒಂದು ಸುತ್ತು ಬಂದವರಿಗೆ ಇದಕ್ಕೆ ವರದಿ ಬೇಕಿಲ್ಲ. ಅವರು ಕಾರನ್ನು ತಕ್ಷಣ ನೋಡಲೇ ಇಲ್ಲ. "ಇಲ್ಲೇ ಬಿಟ್ಟು ಹೋಗಿ. ನಾಳೆ ಬೆಳಿಗ್ಗೆ ನಾನೇ ಸ್ಟಾರ್ಟ್ ಮಾಡ್ತೀನಿ. ಬಿಸಿ ಇಂಜಿನ್ ಸುಳ್ಳು ಹೇಳುತ್ತೆ" ಎಂದರು.

ಮರುದಿನ ಬೆಳಿಗ್ಗೆ ನಾವೂ ಹೋದೆವು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿನ ಬದಿಯ ಮುಚ್ಚಳಕ್ಕೆ ಇಟ್ಟು, ಹಿಡಿಯನ್ನು ಕಿವಿಗೆ ಒತ್ತಿ ನಿಂತರು. ಹುಡುಗ ಕೀ ತಿರುಗಿಸಿದ. ಗರಗರ ಶುರುವಾಗಿ ನಿಂತಿತು. "ಟೈಮಿಂಗ್ ಚೈನ್. ಟೆನ್ಷನರ್ ಹೋಗಿದೆ. ಎಲ್ಲರಿಗೂ ಟೆನ್ಷನ್ ಇದ್ದರೆ ಕಾಯಿಲೆ, ಇದಕ್ಕೆ ಟೆನ್ಷನ್ ಇಲ್ಲದಿದ್ದರೆ ಕಾಯಿಲೆ" ಎಂದು ತಾವೇ ನಕ್ಕರು.

ಅವತ್ತು ಅವರು ಚಹಾ ಕುಡಿಯುತ್ತ ಹೇಳಿದ್ದನ್ನು ನಮಗೆ ತಿಳಿದಷ್ಟು ಇಲ್ಲಿ ಹೇಳುತ್ತೇವೆ, ಕಾರು ಇರುವ ಓದುಗರಿಗೆ ಉಪಯೋಗವಾಗಬಹುದು. ಇಂಜಿನ್ನಿನ ಕೆಳಗೆ ಕ್ರ್ಯಾಂಕ್ ಎಂಬ ದಂಡ, ಪಿಸ್ಟನ್‌ಗಳು ಅದನ್ನು ತಿರುಗಿಸುತ್ತವೆ. ಮೇಲೆ ಕ್ಯಾಮ್ ಎಂಬ ದಂಡ, ಅದು ವಾಲ್ವುಗಳನ್ನು ಒತ್ತಿ ತೆರೆಯುತ್ತದೆ. ವಾಲ್ವು ತೆರೆದರೆ ಗಾಳಿ ಒಳಗೆ ಬರುತ್ತದೆ, ಹೊಗೆ ಹೊರಗೆ ಹೋಗುತ್ತದೆ. ಕ್ರ್ಯಾಂಕ್ ಎರಡು ಸುತ್ತು ಬಂದರೆ ಕ್ಯಾಮ್ ಒಂದು ಸುತ್ತು ಬರಬೇಕು. ಈ ಲೆಕ್ಕ ಒಂದು ಹಲ್ಲಿನಷ್ಟೂ ತಪ್ಪಬಾರದು. ಇಂಜಿನ್ ನಿಮಿಷಕ್ಕೆ ಮೂರು ಸಾವಿರ ಸುತ್ತು ಓಡುವಾಗ ಒಂದೊಂದು ವಾಲ್ವು ಸೆಕೆಂಡಿಗೆ 25 ಸಲ ತೆರೆದು ಮುಚ್ಚುತ್ತದೆ. ಪಿಸ್ಟನ್ ಮೇಲೆ ಬರುವಷ್ಟರಲ್ಲಿ ವಾಲ್ವು ಹಿಂದೆ ಸರಿದಿರಬೇಕು. ಸರಿಯದಿದ್ದರೆ ಎರಡೂ ಡಿಕ್ಕಿ.

ಈ ಮಾತನ್ನು ಆಮೇಲೆ ಮನೆಯಲ್ಲಿ ಅಮ್ಮಿಗೆ ಹೇಳಿದಾಗ ಅವರಿಗೆ ನಮಗಿಂತ ಬೇಗ ಅರ್ಥವಾಯಿತು. ಮೂವತ್ತು ವರ್ಷ ಹೊಲಿಗೆ ಯಂತ್ರ ತುಳಿದವರು ಅವರು. ಮೇಲಿನಿಂದ ಸೂಜಿ ಇಳಿಯುವ ಹೊತ್ತಿಗೆ ಕೆಳಗಿನ ಕೊಕ್ಕೆ ಅದರ ಜಾಗದಲ್ಲಿ ಇರಬೇಕು. ಟೈಮಿಂಗ್ ತಪ್ಪಿದರೆ ಸೂಜಿ ಕಬ್ಬಿಣಕ್ಕೆ ಹೊಡೆದು ಮುರಿಯುತ್ತದೆ. "ಹಾಗಾದರೆ ನಿಮ್ಮ ಕಾರಿನ ಸೂಜಿ ಮುರಿಯೋದು ಬಾಕಿ" ಎಂದರು.

ಕ್ರ್ಯಾಂಕನ್ನೂ ಕ್ಯಾಮನ್ನೂ ಜೋಡಿಸಿ ಲೆಕ್ಕ ಕಾಯುವುದು ಕೆಲವು ಇಂಜಿನ್‌ಗಳಲ್ಲಿ ರಬ್ಬರ್ ಬೆಲ್ಟ್, ಕೆಲವದರಲ್ಲಿ ಸೈಕಲ್ಲಿನದರ ಹಾಗಿರುವ ಕಬ್ಬಿಣದ ಚೈನ್. ಮಾರುತಿ 800ರಲ್ಲಿ ಇದ್ದದ್ದು ಬೆಲ್ಟ್. ಇಷ್ಟು ಕಿಲೋಮೀಟರ್‌ಗೆ ಬದಲಿಸಿ ಎಂದು ಕಂಪನಿಯೇ ಹೇಳುತ್ತಿತ್ತು, ಜನ ಬದಲಿಸುತ್ತಿದ್ದರು. ಅಂಬಾಸಡರ್‌ನ ಹಳೆಯ 1489 ಸಿಸಿ ಇಂಜಿನ್‌ನಲ್ಲಿ ಚೈನ್, ಆದರೆ ಕ್ಯಾಮ್ ಕೆಳಗೇ ಇದ್ದದ್ದರಿಂದ ಚೈನ್ ಗಿಡ್ಡ. ಈಗಿನ ಬಹಳಷ್ಟು ಇಂಜಿನ್‌ಗಳಲ್ಲಿ ಕ್ಯಾಮ್ ತಲೆಯ ಮೇಲಿದೆ, ಚೈನ್ ಉದ್ದ. ಚೈನ್ ಇಂಜಿನ್ ಇರುವತನಕ ಇರುತ್ತದೆ ಎಂದು ಮಾರುವವರು ಹೇಳುತ್ತಾರೆ. "ಇರುತ್ತೆ. ಆಯಿಲ್ ಚೆನ್ನಾಗಿದ್ದರೆ" ಎಂದರು ಉಸ್ತಾದರು. ಚೈನಿನ ಕೊಂಡಿಗಳ ಪಿನ್ನುಗಳು ಒಂದೊಂದೂ ಕೂದಲೆಳೆಯಷ್ಟು ಸವೆದರೂ ನೂರಾರು ಕೊಂಡಿಗಳದ್ದು ಸೇರಿ ಇಡೀ ಚೈನ್ ಉದ್ದವಾಗುತ್ತದೆ. ಆ ಸಡಿಲವನ್ನು ಎಳೆದು ಹಿಡಿಯಲು ಹೆಬ್ಬೆರಳಿನಷ್ಟು ದಪ್ಪದ ಒಂದು ಸಣ್ಣ ಪಿಸ್ಟನ್ ಇದೆ, ಅದೇ ಟೆನ್ಷನರ್. ಒಳಗೆ ಒಂದು ಸ್ಪ್ರಿಂಗ್, ಹಿಂದಿನಿಂದ ಆಯಿಲ್ಲಿನ ಒತ್ತಡ. ಅದು ಚೈನ್ ಪಕ್ಕದ ಪ್ಲಾಸ್ಟಿಕ್ ಪಟ್ಟಿಯನ್ನು ಒತ್ತಿ ಚೈನನ್ನು ಬಿಗಿಯಾಗಿಡುತ್ತದೆ. ರಾತ್ರಿ ಇಂಜಿನ್ ನಿಂತಾಗಲೂ ಒಳಗೆ ಸ್ವಲ್ಪ ಆಯಿಲ್ ಉಳಿದಿರಬೇಕು. ಟೆನ್ಷನರ್ ಸವೆದಿದ್ದರೆ, ಕೊಳೆ ಆಯಿಲ್ಲಿನ ಮಸಿ ಅದರ ರಂಧ್ರದಲ್ಲಿ ಕೂತಿದ್ದರೆ, ರಾತ್ರಿಯೆಲ್ಲ ಆಯಿಲ್ ಸೋರಿ ಖಾಲಿಯಾಗುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಹೊಸ ಆಯಿಲ್ ಏರಿ ಬರುವತನಕ ಚೈನ್ ಸಡಿಲವಾಗಿ ಬಡಿದುಕೊಳ್ಳುತ್ತದೆ. ಅದೇ ಆ ಮೂರು ಸೆಕೆಂಡು.

ಚೈನ್, ಟೆನ್ಷನರ್, ಪಟ್ಟಿಗಳು, ಆಯಿಲ್, ಕೂಲಿ ಎಲ್ಲ ಸೇರಿ 18 ಸಾವಿರ ಎಂದರು. ಬಿಟ್ಟರೆ ಚೈನ್ ಹಲ್ಲು ಹಾರುತ್ತದೆ, ಆಗ ಐವತ್ತು ಸಾವಿರಕ್ಕೆ ಕಡಿಮೆ ಇಲ್ಲ.

ನಮ್ಮ ಬಳಿ ಹದಿನೆಂಟು ಸಾವಿರ ಇರಲಿಲ್ಲ ಎಂದಲ್ಲ. ಅದೇ ಹೊತ್ತಿಗೆ ನಮ್ಮಲ್ಲಿ ಕಿರಿಯವನಿಗೆ ದಮ್ಮಾಮ್‌ನಲ್ಲಿ ಡ್ರೈವರ್ ಕೆಲಸದ ವೀಸಾ ಬರುವುದರಲ್ಲಿತ್ತು. ಜನವರಿ ಕೊನೆಗೆ ಏಜೆಂಟರಿಗೆ 90 ಸಾವಿರ ಕಟ್ಟಬೇಕಿತ್ತು. ಕಾರು ಹೇಗೂ ಮಾರುವುದೇ, ಮಾರುವ ಕಾರಿಗೆ ಯಾಕೆ ಹಣ ಹಾಕುವುದು ಎನ್ನಿಸಿತು. ಹಳೆ ಕಾರುಗಳ ವ್ಯಾಪಾರ ಬಲ್ಲ ಒಬ್ಬರು ಉಪಾಯ ಹೇಳಿಕೊಟ್ಟರು: "ಗಿರಾಕಿ ಬರೋ ಮೊದಲು ಅರ್ಧ ಗಂಟೆ ಇಂಜಿನ್ ಓಡಿಸಿ ಬಿಸಿ ಮಾಡಿಡಿ. ಆಮೇಲೆ ದಿನವಿಡೀ ಯಾರೂ ಏನೂ ಕಂಡುಹಿಡಿಯಲ್ಲ."

ಕುಣಿಗಲ್‌ನ ಹೊಂಗೆ ಮರದ ನೆರಳು, ಎಸಿ ಗಾಳಿ ನೆನಪಾದದ್ದು ಆಗ. ಆ ಯಜಮಾನರಿಗೆ ವಿಷಯ ಗೊತ್ತಿತ್ತೋ ಇಲ್ಲವೋ ಇವತ್ತಿಗೂ ನಮಗೆ ತಿಳಿಯದು. ಡ್ರೈವರ್ ಓಡಿಸುತ್ತಿದ್ದ ಕಾರು, ಮುಂಜಾನೆಯ ಸದ್ದು ಅವರ ಕಿವಿಗೆ ಬಿದ್ದೇ ಇರಲಿಕ್ಕಿಲ್ಲ. ನಿಜವಾಗಿಯೂ ನಮ್ಮ ಬಿಸಿಲಿನ ಚಿಂತೆಯಿಂದಲೇ ಎಸಿ ಹಾಕಿಟ್ಟಿರಬಹುದು. ಆದರೆ ನಮಗೆ ಗೊತ್ತಿತ್ತು. ಅಲ್ಲಿಗೂ ಇಲ್ಲಿಗೂ ಅಷ್ಟೇ ವ್ಯತ್ಯಾಸ.

2020ರ ಸಂಕ್ರಾಂತಿ ಕಳೆದ ಮೊದಲ ಭಾನುವಾರ ಗುಬ್ಬಿ ಕಡೆಯಿಂದ ಒಬ್ಬ ಹುಡುಗ ತನ್ನ ತಂದೆಯನ್ನು ಕರೆದುಕೊಂಡು ಬಂದ. ಗುಬ್ಬಿಯಿಂದ ಐದಾರು ಕಿಲೋಮೀಟರ್ ಒಳಗೆ ಊರು, ಒಂದಿಷ್ಟು ಅಡಿಕೆ, ಹತ್ತಿಪ್ಪತ್ತು ತೆಂಗು. ಗುಬ್ಬಿ ತಾಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಏಳುತ್ತಿದ್ದ ಕಾಲ ಅದು. (ಅದು ಉದ್ಘಾಟನೆಯಾದದ್ದು 2023ರ ಫೆಬ್ರವರಿಯಲ್ಲಿ.) ಅಲ್ಲಿಗೆ ಬಂದು ಹೋಗುವವರಿಗೆ ಕಾರು ಓಡಿಸಿದರೆ ಬದುಕು ನಡೆಯುತ್ತದೆ ಎಂದು ಹುಡುಗನ ಲೆಕ್ಕ. ನಾವು ಬೆಳಿಗ್ಗೆ ಆರಕ್ಕೊಮ್ಮೆ, ಹತ್ತಕ್ಕೊಮ್ಮೆ ಇಂಜಿನ್ ಓಡಿಸಿ ಇಟ್ಟಿದ್ದೆವು.

ಹುಡುಗ ಮ್ಯೂಸಿಕ್ ಸಿಸ್ಟಂ ನೋಡುತ್ತಿದ್ದ. ಮುದುಕರು ಕಾರಿನ ಸುತ್ತ ಒಂದು ಸುತ್ತು ಬಂದು, ದನದ ಬೆನ್ನಿನ ಮೇಲೆ ಕೈಯಿಡುವ ಹಾಗೆ ಬಾನೆಟ್ಟಿನ ಮೇಲೆ ಅಂಗೈ ಇಟ್ಟರು. ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡು, "ಬೆಚ್ಚಗೈತಲ್ಲ ಸಾಬ್ರೆ?" ಎಂದರು.

"ಈಗ ತಾನೆ ಅಂತರಸನಹಳ್ಳಿ ಮಾರ್ಕೆಟ್ಟಿಗೆ ಹೋಗಿ ಬಂದ್ವಿ ಯಜಮಾನ್ರೆ" ಎಂದೆವು.

"ಹೌದಾ" ಎಂದರು ಅವರು. ಅದರಲ್ಲಿ ಅನುಮಾನ ಏನೂ ಇರಲಿಲ್ಲ. ಸುಮ್ಮನೆ ಕೇಳಿದ್ದರು, ಸುಮ್ಮನೆ ನಂಬಿದರು. 2,60,000ಕ್ಕೆ ಮಾತಾಯಿತು. ಅಡಿಕೆ ಮಾರಿದ ದುಡ್ಡೆಂದು ಪಂಚೆಯ ಮಡಿಲಿನಿಂದ ತೆಗೆದು 20 ಸಾವಿರ ಮುಂಗಡ ಕೊಟ್ಟರು. ಉಳಿದದ್ದು ವಾರದೊಳಗೆ, ಆಮೇಲೆ ಆರ್‌ಟಿಒ ಕಾಗದ.

ರಾತ್ರಿ ಊಟಕ್ಕೆ ಕೂತಾಗ ಅಮ್ಮಿ ಕೇಳಿದರು, "ಬೆಳಿಗ್ಗೆ ಎರಡು ಸಲ ಗಾಡಿ ಸ್ಟಾರ್ಟ್ ಮಾಡಿ ಎಲ್ಲಿಗೂ ಹೋಗಲಿಲ್ಲ, ಯಾಕೆ?" ನಾವು ಹೇಳಿದೆವು. ಅಮ್ಮಿ ಸಾರು ಬಡಿಸುತ್ತ, "ಮೇಲೆ ಒಣ ಧಾನ್ಯ, ಅಡಿಯಲ್ಲಿ ಒದ್ದೆ ಧಾನ್ಯ" ಎಂದಷ್ಟೇ ಹೇಳಿ ಒಳಗೆ ಹೋದರು. ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಪ್ರವಾದಿಯವರು ಕೈ ಹಾಕಿದಾಗ ಬೆರಳಿಗೆ ತೇವ ಹತ್ತಿದ ಪ್ರಸಂಗ ನಮ್ಮ ಮನೆಗಳಲ್ಲಿ ಮಕ್ಕಳಿಗೂ ಗೊತ್ತು. ಆದರೆ ಅಮ್ಮಿಯ ಮಾತು ಕೇಳಿ ನಮ್ಮ ಮನಸ್ಸು ತಿರುಗಿತು ಎಂದು ಬರೆದರೆ ಅದೂ ಇನ್ನೊಂದು ಸುಳ್ಳಾಗುತ್ತದೆ. ನಮ್ಮನ್ನು ನಿದ್ದೆಗೆ ಬಿಡದೇ ಇದ್ದದ್ದು ಆ ಮುದುಕರ ಅಂಗೈ. ಜೊತೆಗೆ ಹೆದರಿಕೆಯೂ ಇತ್ತು. ಗುಬ್ಬಿ ಇರುವುದು ಇಪ್ಪತ್ತು ಕಿಲೋಮೀಟರ್ ದೂರದಲ್ಲಿ, ದುಬೈನಲ್ಲಿ ಅಲ್ಲ. ನಾಳೆ ಚೈನ್ ಹಾರಿದರೆ ಅವರು ನಮ್ಮ ಬಾಗಿಲಿಗೆ ಬರುತ್ತಾರೆ, ಬರದಿದ್ದರೆ ಇನ್ನೂ ಕಷ್ಟ.

ಮರುದಿನ ಮಧ್ಯಾಹ್ನ ಅದೇ ಕಾರಿನಲ್ಲಿ ಮಲ್ಲಸಂದ್ರ ದಾಟಿ ಗುಬ್ಬಿಗೆ, ಅಲ್ಲಿಂದ ಅವರ ಊರಿಗೆ ಹೋದೆವು. ಮುಂಗಡದ ಹಣ ಜೇಬಿನಲ್ಲಿತ್ತು. ಅಂಗಳದಲ್ಲಿ ಅಡಿಕೆ ಒಣಹಾಕಿದ್ದರು. ನಿಂತುಕೊಂಡೇ ಎಲ್ಲ ಹೇಳಿದೆವು, ಮಾರ್ಕೆಟ್ಟಿಗೆ ಹೋಗಿರಲಿಲ್ಲ ಎಂಬುದನ್ನೂ ಹೇಳಿದೆವು. ಮುದುಕರು ಏನೂ ಮಾತಾಡಲಿಲ್ಲ. ಹುಡುಗನ ಮುಖ ಮಾತ್ರ ಕಪ್ಪಿಟ್ಟಿತು. "ಅಣ್ಣ, ಬೇರೆ ಯಾರಾದ್ರೂ ಜಾಸ್ತಿ ಕೇಳಿದ್ರಾ? ಅದಕ್ಕೆ ಹಿಂಗೆ ಹೇಳ್ತಿದ್ದೀರಾ?" ಎಂದ.

ಇದನ್ನು ನಾವು ಯೋಚಿಸಿಯೇ ಇರಲಿಲ್ಲ. ಬೇಕಾದರೆ ಇಂಜಿನ್ ತಣ್ಣಗಾಗಲಿ, ನೀನೇ ಕೇಳು ಎಂದೆವು. ಮೂರು ಗಂಟೆ ಕಾದೆವು. ಆ ಮನೆಯ ಹೆಂಗಸರು ನಮಗೆ ಮುದ್ದೆ, ಹುರುಳಿಕಾಳಿನ ಸಾರು ಬಡಿಸಿದರು. ಸಂಜೆ ಹುಡುಗ ಕೀ ತಿರುಗಿಸಿದ. ಕಾರು ಒಂದಿಷ್ಟೂ ಸದ್ದು ಮಾಡದೆ ಹೊಸ ಮದುಮಗಳ ಹಾಗೆ ತಗ್ಗಿದ ದನಿಯಲ್ಲಿ ಸ್ಟಾರ್ಟ್ ಆಯಿತು! ನಮ್ಮ ಕಾರು ಕೆಟ್ಟದ್ದು ಎಂದು ವಾದಿಸಬೇಕಾದ ಪರಿಸ್ಥಿತಿ ನಮಗೆ. ಅವನೋ, ಚೆನ್ನಾಗಿಯೇ ಇದೆಯಲ್ಲ ಎಂದು ನಮ್ಮ ಮೇಲೆ ಇನ್ನಷ್ಟು ಅನುಮಾನ. ಆಯಿಲ್ ಪೂರ್ತಿ ಇಳಿಯಲು ಮೂರು ಗಂಟೆ ಸಾಲದು, ಒಂದು ರಾತ್ರಿ ಬೇಕು ಎಂಬುದು ಹೊಳೆದದ್ದು ಆಮೇಲೆ. ಕೊನೆಗೆ ಮುದುಕರೇ, "ಗಾಡಿ ಇವತ್ತು ಇಲ್ಲೇ ಇರ್ಲಿ ಬಿಡಿ. ದುಡ್ಡೂ ನಿಮ್ಮತ್ರಾನೇ ಇರ್ಲಿ. ಬೆಳಿಗ್ಗೆ ನಾವೇ ಕೇಳ್ತೀವಿ" ಎಂದರು. ನಾವು ಗುಬ್ಬಿಯಿಂದ ಬಸ್ಸು ಹತ್ತಿ ಮನೆಗೆ ಬಂದೆವು.

ಬೆಳಿಗ್ಗೆ ಆರಕ್ಕೆ ಹುಡುಗನ ಫೋನು. "ಅಣ್ಣ, ನೀವು ಹೇಳಿದ್ ಸದ್ದು ಕೇಳಿಸ್ತು." ಸ್ವಲ್ಪ ತಡೆದು, "ಆಮೇಲೆ ಒಳಗೆ ಠಪ್ ಅಂತು. ಈಗ ಸ್ಟಾರ್ಟೇ ಆಗ್ತಿಲ್ಲ. ನಾನೇನೂ ಮಾಡ್ಲಿಲ್ಲ ಅಣ್ಣ, ಆಣೆಗೂ ಬರೀ ಕೀ ತಿರುಗಿಸ್ದೆ" ಎಂದ. ಅವನ ದನಿ ನಡುಗುತ್ತಿತ್ತು. ಅವನು ಹೆದರಿದ್ದ. ನಮ್ಮ ಕಾರು, ಅವನ ಅಂಗಳ, ಅವನ ಕೈ. ನಾವು ಹಿಂದಿನ ದಿನ ಹೋಗಿ ಹೇಳದೇ ಇದ್ದಿದ್ದರೆ, ಕಾರು ಒಂದು ವಾರ ತಡೆದು ಆಮೇಲೆ ನಿಂತಿದ್ದರೆ ಏನಾಗುತ್ತಿತ್ತೆಂದು ಹೇಳಬೇಕಿಲ್ಲ. "ನಿನ್ನ ತಪ್ಪಲ್ಲ, ಮತ್ತೆ ಕೀ ತಿರುಗಿಸಬೇಡ" ಎಂದೆವು. ಚೈನ್ ಹಾರಿದ ಮೇಲೆ ಮತ್ತೆ ಮತ್ತೆ ಸ್ಟಾರ್ಟ್ ಮಾಡಲು ನೋಡಿದರೆ ಉಳಿದಿದ್ದೂ ಮುರಿಯುತ್ತದೆ ಎಂದು ಉಸ್ತಾದರು ಮೊದಲೇ ಎಚ್ಚರಿಸಿದ್ದರು.

ಪರಿಚಯದವರ ಪಿಕಪ್ ಗಾಡಿಗೆ ಹಗ್ಗ ಕಟ್ಟಿ ಗುಬ್ಬಿ ಗೇಟಿನವರೆಗೆ ಎಳೆದು ತಂದೆವು. ಇಂಜಿನ್ ನಿಂತ ಕಾರನ್ನು ಹಗ್ಗದಲ್ಲಿ ಎಳೆಸಿಕೊಂಡು ಬರುವುದು ಎಂಥ ಶಿಕ್ಷೆ ಎಂಬುದು ಮಾಡಿದವರಿಗೇ ಗೊತ್ತು. ಬ್ರೇಕು ಕಲ್ಲಿನಂತೆ ಗಟ್ಟಿ, ಸ್ಟೇರಿಂಗ್ ತಿರುಗಿಸಲು ಎರಡೂ ತೋಳಿನ ಬಲ ಬೇಕು. ಹುಡುಗನೂ ಜೊತೆಗೆ ಬಂದ. ಬೇಡವೆಂದರೂ ಬಂದ.

ಉಸ್ತಾದರು ಮೇಲಿನ ಮುಚ್ಚಳ ತೆಗೆದಾಗ ಕ್ಯಾಮಿನ ಕೆಳಗೆ ವಾಲ್ವುಗಳನ್ನು ಒತ್ತುವ ಸಣ್ಣ ರಾಕರ್‌ಗಳು ಐದಾರು ಮುರಿದು ಬಿದ್ದಿದ್ದವು, ಉದುರಿದ ಹಲ್ಲುಗಳ ಹಾಗೆ. ಹೆಡ್ ಇಳಿಸಿದರು. ಎರಡು ವಾಲ್ವು ಬಾಗಿದ್ದವು. ಪಿಸ್ಟನ್ ತಲೆಯ ಮೇಲೆ ಉಗುರಿನಿಂದ ಗೀರಿದಂಥ ಗುರುತು, ಅಷ್ಟೇ. ರಾಕರ್ ಮುರಿದದ್ದರಿಂದ ದೊಡ್ಡ ಪೆಟ್ಟು ತಪ್ಪಿದೆ ಎಂದರು. ಪಕ್ಕದ ಮುಚ್ಚಳ ಬಿಚ್ಚಿದಾಗ ಪ್ಲಾಸ್ಟಿಕ್ ಪಟ್ಟಿಯ ಒಂದು ತುಂಡು ಕಾಣೆ. ಅದು ಕೆಳಗೆ ಆಯಿಲ್ ಸಂಪಿನ ಜಾಲರಿಯಲ್ಲಿ ಸಿಕ್ಕಿತು. ಟೆನ್ಷನರನ್ನು ನಮ್ಮ ಕೈಗೆ ಕೊಟ್ಟು, ಒತ್ತಿ ನೋಡಿ ಎಂದರು. ಹೆಬ್ಬೆರಳಿನಿಂದ ಒತ್ತಿದರೆ ಎದುರಿಸದೆ ಒಳಗೆ ಹೋಯಿತು. ಹೊಸದನ್ನು ಒತ್ತಿದೆವು, ಅಲುಗಲಿಲ್ಲ. ಹಳೆಯ ಚೈನನ್ನೂ ಹೊಸದನ್ನೂ ಅಕ್ಕಪಕ್ಕ ನೇತುಹಾಕಿದರು. ಹಳೆಯದು ಅರ್ಧ ಕೊಂಡಿಯಷ್ಟು ಕೆಳಗೆ ಇಳಿದಿತ್ತು. ಮೂರು ವರ್ಷ ಉಳಿಸಿದ ಆಯಿಲ್ ದುಡ್ಡೆಲ್ಲ ಆ ಅರ್ಧ ಕೊಂಡಿಯಲ್ಲಿ ಇತ್ತು.

ಅಬ್ಬಾ ಮೂರನೆಯ ದಿನ ನೋಡಲು ಬಂದರು. ಉಸ್ತಾದರು ಕ್ಯಾಮಿಗೂ ಕ್ರ್ಯಾಂಕಿಗೂ ಪಿನ್ನು ಹಾಕಿ ಅಲ್ಲಾಡದಂತೆ ನಿಲ್ಲಿಸಿ, ಚೈನ್ ಕೂರಿಸಿ, ಆಮೇಲೆ ಪಿನ್ನು ತೆಗೆದು ಪಾನಾದಿಂದ ಇಂಜಿನ್ನನ್ನು ಕೈಯಲ್ಲೇ ನಿಧಾನವಾಗಿ ಎರಡು ಪೂರ್ತಿ ಸುತ್ತು ತಿರುಗಿಸಿದರು, ಎಲ್ಲೂ ತಾಗುವುದಿಲ್ಲ ಎಂದು ಖಾತ್ರಿಯಾಗುವತನಕ. ಅಬ್ಬಾ ಸ್ಟೂಲಿನ ಮೇಲೆ ಕೂತು ಇದನ್ನೇ ನೋಡುತ್ತಿದ್ದರು. ಇಬ್ಬರು ಹಿರಿಯರೂ ಒಂದು ಗಂಟೆ ಕಾಲ ಆಡಿದ ಮಾತು ನಾಲ್ಕೋ ಐದೋ. ಆದರೆ ಅಬ್ಬಾನ ಮುಖದಲ್ಲಿ ಕಾರ್ಖಾನೆ ಬಿಟ್ಟ ಮೇಲೆ ನಾವು ಅಷ್ಟಾಗಿ ಕಾಣದಿದ್ದ ಒಂದು ಕಳೆ ಇತ್ತು.

ಬಿಲ್ಲು 54 ಸಾವಿರ. ಹುಡುಗ ಹಿಂಜರಿಯುತ್ತ, ನಮ್ಮ ಅಂಗಳದಲ್ಲಿ ಆದದ್ದು, ಹತ್ತು ಸಾವಿರ ನಾವು ಹಾಕ್ತೀವಿ ಅಂತ ಅಪ್ಪ ಹೇಳ್ತಿದ್ದಾರೆ ಎಂದ. ತೆಗೆದುಕೊಳ್ಳಲಿಲ್ಲ. ಇದು ದೊಡ್ಡತನವೇನಲ್ಲ, ಲೆಕ್ಕ ನಮ್ಮದೇ ಆಗಿತ್ತು. ಏಜೆಂಟರಿಗೆಂದು ಕೂಡಿಟ್ಟ ಹಣದಿಂದಲೇ ಕೊಟ್ಟೆವು. ದಮ್ಮಾಮ್‌ನ ಗಡುವು ಹಾಗೇ ದಾಟಿಹೋಯಿತು. ಅದಕ್ಕಾಗಿ ಮನೆಯಲ್ಲಿ ಜಗಳವೂ ಆಯಿತು, ಅದನ್ನು ಇಲ್ಲಿ ಬರೆಯುವುದು ಬೇಡ. ಫೆಬ್ರವರಿ ಎರಡನೆಯ ವಾರ, ಮೊದಲು ಮಾತಾಡಿದ ಬೆಲೆಗೇ ಕಾರು ಗುಬ್ಬಿಗೆ ಹೋಯಿತು. ಆಯಿಲ್ ಯಾವುದು, ಎಷ್ಟು ಕಿಲೋಮೀಟರ್‌ಗೆ ಎಂದು ಉಸ್ತಾದರು ಒಂದು ಚೀಟಿಯಲ್ಲಿ ಬರೆದು, ಸ್ಟೇರಿಂಗ್ ಪಕ್ಕ ಅಂಟಿಸಿ ಕೊಟ್ಟರು.

ಮಾರ್ಚ್ 25ರಿಂದ ಲಾಕ್‌ಡೌನ್. ವಿಮಾನಗಳು ನಿಂತವು, ದಮ್ಮಾಮ್ ಮಾತೂ ನಿಂತಿತು. ಗುಬ್ಬಿಯ ಹುಡುಗನ ಕಾರು ಕೊಂಡು ಒಂದೂವರೆ ತಿಂಗಳಿಗೇ ಅಂಗಳದಲ್ಲಿ ನಿಂತಿತು. ಆ ಏಪ್ರಿಲ್‌ನ ದಿನಗಳು ನಮ್ಮಂಥವರಿಗೆ ಚೆನ್ನಾಗಿ ನೆನಪಿವೆ. ಹಣ್ಣು ತರಕಾರಿ ಮಾರುವ ಸಾಬರನ್ನು ಊರೊಳಗೆ ಬಿಡಬೇಡಿ ಎಂಬ ಸಂದೇಶಗಳು ಮೊಬೈಲಿನಿಂದ ಮೊಬೈಲಿಗೆ ಹೋಗುತ್ತಿದ್ದವು. ಎಷ್ಟೋ ವರ್ಷದ ಪರಿಚಯದವರೂ ಫೋನ್ ಮಾಡುವುದು ಬಿಟ್ಟಿದ್ದರು. ಮನೆಯಲ್ಲಿ ಮೊಬೈಲ್ ರಿಂಗಾದರೆ ಏನು ಸುದ್ದಿಯೋ ಎಂದು ಒಬ್ಬರ ಮುಖ ಒಬ್ಬರು ನೋಡುತ್ತಿದ್ದೆವು.

ಅಂಥದ್ದರಲ್ಲಿ ಒಂದು ಬೆಳಿಗ್ಗೆ ಐದೂವರೆಗೆ ಫೋನು. ಗುಬ್ಬಿಯ ಹುಡುಗ. "ಅಣ್ಣ, ಗಾಡಿ ನಿಂತು ಹದಿನೈದು ದಿನ ಆಯ್ತು. ಈಗ ಸ್ಟಾರ್ಟ್ ಮಾಡ್ತೀನಿ, ಸ್ವಲ್ಪ ಕೇಳ್ತೀರಾ? ನಂಗೆ ಭಯ" ಎಂದ. ನಾವು ಮೊಬೈಲನ್ನು ಅಬ್ಬಾನ ಕೈಗೆ ಕೊಟ್ಟೆವು. ಅವರು ಅದನ್ನು ಕಿವಿಗೆ ಒತ್ತಿ, ಇನ್ನೊಂದು ಕಿವಿಯನ್ನು ಅಂಗೈಯಿಂದ ಮುಚ್ಚಿ, ಕಣ್ಣು ಮುಚ್ಚಿ ಕೂತರು. ಆ ಕಡೆ ಅವನು ಮೊಬೈಲನ್ನು ಬಾನೆಟ್ಟಿನ ಮೇಲಿಟ್ಟ ಶಬ್ದ, ಆಮೇಲೆ ಕೀ ತಿರುಗಿದ ಶಬ್ದ ನಮಗೂ ಸಣ್ಣಗೆ ಕೇಳಿಸಿತು. ಅಬ್ಬಾ ಬೆರಳು ಮಡಚಿ ಎಣಿಸುತ್ತಿದ್ದರು. ಒಂದು, ಎರಡು, ಮೂರು.

"ಸರಿಯಿದೆ ಅಂತ ಹೇಳು" ಎಂದು ಮೊಬೈಲನ್ನು ವಾಪಸ್ ಕೊಟ್ಟರು.